ರಿಪೋರ್ಟ್ ಕೊಡೋ ರೀತಿನಾ ಇದು?

ಈಗಷ್ಟೇ ಮನೆಗೆ ಬಂದೆ, ಸಿಟ್ಟು ಇನ್ನೂ ಇಳಿದಿಲ್ಲ. ಶುಗರ್ ರಿಪೋರ್ಟ್ ತರೋಕೆ ಲ್ಯಾಬಿಗೆ ಹೋಗಿದ್ದೆ. ನನ್ನ ಮುಂದೆ ಒಬ್ಬ ಬಸುರಿ ಹುಡುಗಿ, ಜೊತೆಗೆ ಅವಳತ್ತೆ. ಕೌಂಟರಿನ ಹುಡುಗ ಹಿಂದಿನ ಬೆಂಚಿಗೂ ಕೇಳೋ ಹಾಗೆ, "ವಿಡಿಆರ್‌ಎಲ್ ಪಾಸಿಟಿವ್ ಇದೆ ಮೇಡಂ" ಅಂದ. "ಹಂಗಂದ್ರೇನಪ್ಪಾ?" ಅಂದ್ರು ಅತ್ತೆ. "ಗುಪ್ತರೋಗದ ಟೆಸ್ಟು ಅಮ್ಮಾ." ಆಯ್ತಲ್ಲ, ಇನ್ನೇನು ಬೇಕು ಒಂದು ಮನೆ ಹೊತ್ತಿ ಉರಿಯೋಕೆ!

ಆಯಸ್ಸೆಲ್ಲ ಲ್ಯಾಬಿನಲ್ಲೇ ಕಳೆದವಳು ನಾನು, ನಿಮಗೆ ಗೊತ್ತೇ ಇದೆ. ಬಾಯಿ ಹಾಕದೆ ಇರ್ತೀನಾ? ಹಾಳೆ ಇಸ್ಕೊಂಡು ನೋಡಿದರೆ ಟೈಟರ್ (ರಕ್ತವನ್ನು ಎಷ್ಟು ತೆಳು ಮಾಡಿದರೂ ಪಾಸಿಟಿವ್ ಬರುತ್ತೆ ಅನ್ನೋ ಲೆಕ್ಕ) 1:2.

ವಿಡಿಆರ್‌ಎಲ್ ಹುಡುಕೋದು ಸಿಫಿಲಿಸ್ ರೋಗಾಣುವನ್ನೇ ಅಲ್ಲ. ಕಾರ್ಡಿಯೋಲಿಪಿನ್ ಅನ್ನೋ ಕೊಬ್ಬಿನ ವಿರುದ್ಧ ರಕ್ತದಲ್ಲಿ ಹುಟ್ಟಿಕೊಂಡ ಪ್ರತಿಕಾಯಗಳನ್ನು. ಸಿಫಿಲಿಸ್ ಇದ್ದರೆ ಅವು ಇರುತ್ತವೆ, ಸರಿ. ಆದರೆ ಮಲೇರಿಯಾ, ಲೂಪಸ್, ಕುಷ್ಠ, ಕೆಲವೊಮ್ಮೆ ಬರೀ ಬಸುರಿನಲ್ಲೂ ಇರಬಹುದು. 1:2ರಂಥ ಸಣ್ಣ ಟೈಟರಿಗೆ ಟಿಪಿಎಚ್‌ಎ (ಸಿಫಿಲಿಸ್ ರೋಗಾಣುವಿನ ವಿರುದ್ಧದ ಪ್ರತಿಕಾಯವನ್ನೇ ಹುಡುಕೋ ಟೆಸ್ಟು) ಮಾಡಿಸದೆ ಏನೂ ಹೇಳೋ ಹಾಗಿಲ್ಲ. ಹಾಗಂತ "ಏನಿಲ್ಲ ಬಿಡಿ" ಅಂತಲೂ ಅಲ್ಲ, ಹಳೇ ಸಿಫಿಲಿಸ್‌ನಲ್ಲೂ ಟೈಟರ್ ಇಷ್ಟೇ ಇರಬಹುದು. ನಿಜವಾಗಿದ್ದರೆ ತಡ ಮಾಡಬಾರದು, ಮಗು ಹೊಟ್ಟೆಯಲ್ಲೇ ಹೋಗಬಹುದು. ಬೇಗ ಗೊತ್ತಾದರೆ ಪೆನಿಸಿಲಿನ್ ಇಂಜೆಕ್ಷನ್‌ಗೆ ವಾಸಿಯಾಗೋ ಕಾಯಿಲೆ. ಗಂಡನ ರಕ್ತವನ್ನೂ ನೋಡಲೇಬೇಕು. (ಆ ಮಾತು ಬಂದ ತಕ್ಷಣ ಅತ್ತೆಯವರ ದನಿ ಯಾಕೋ ತಗ್ಗಿತು.)

ಇಷ್ಟು ಹೇಳೋಕೆ ಎರಡು ನಿಮಿಷ ಸಾಕು. ಒಂದು ಕುರ್ಚಿ, ಒಂದು ಬಾಗಿಲು, ಸಣ್ಣ ದನಿ. ಅದನ್ನು ಬಿಟ್ಟು ಕೌಂಟರಿನಲ್ಲಿ ಕೂಗೋದು, ಇಲ್ಲಾ ಕೆಂಪಕ್ಷರದ ಪಿಡಿಎಫ್ ಮನೆಯವರೆಲ್ಲ ನೋಡೋ ಫೋನಿನ ವಾಟ್ಸಾಪ್‌ಗೆ ರಾತ್ರಿ ಹನ್ನೊಂದಕ್ಕೆ ಕಳಿಸೋದು!

"ನಮ್ಮ ಕೆಲಸ ರಿಪೋರ್ಟ್ ಕೊಡೋದು, ವಿವರಿಸೋದು ಡಾಕ್ಟರು" ಅಂತಾರೆ ಲ್ಯಾಬಿನವರು. ಒಪ್ಪಿದೆ ಸ್ವಾಮಿ. ಹಾಗಿದ್ದರೆ ಮುಚ್ಚಿದ ಕವರಿನಲ್ಲಿ ಕೊಟ್ಟು ಬಾಯಿ ಮುಚ್ಚಿಕೊಂಡಿರಿ. ಗುಪ್ತರೋಗ ಅಂತ ಅರ್ಧ ವಿವರಿಸೋಕೆ ಬರುತ್ತೆ, ಉಳಿದರ್ಧಕ್ಕೆ ಡಾಕ್ಟರು ಬೇಕಾ?

ವಿವರಿಸೋರಿಲ್ಲದೆ ಏನೇನಾಗುತ್ತೆ ನೋಡಿ. ವಿದೇಶಕ್ಕೆ ಹೊರಟ ನೆಂಟರ ಹುಡುಗ "ಆಂಟಿ ಎಚ್‌ಬಿಎಸ್ ಪಾಸಿಟಿವ್" ಅಂತ ನೋಡಿ ಊಟ ಬಿಟ್ಟಿದ್ದ. ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ವೈರಸ್ ಮೈಯಲ್ಲಿದೆ ಅನ್ನೋ ಗುರುತು) ನೆಗೆಟಿವ್ ಇದ್ದು ಅದೊಂದೇ ಪಾಸಿಟಿವ್ ಬಂದಿದ್ದರೆ ಹೆಪಟೈಟಿಸ್ ಬಿ ಲಸಿಕೆ ಹಿಡಿದಿದೆ ಅಂತ, ಸಿಹಿ ಹಂಚೋ ಸುದ್ದಿ! ಟಿಪಿಎಚ್‌ಎ ಇನ್ನೊಂದು ಪೀಕಲಾಟ. ಸಿಫಿಲಿಸ್ ವಾಸಿಯಾದ ಮೇಲೂ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ತೋರಿಸುತ್ತೆ. ಔಷಧಿ ಹಿಡೀತಾ ಅಂತ ತಿಳಿಯೋಕೆ ನೋಡಬೇಕಾದ್ದು ವಿಡಿಆರ್‌ಎಲ್ ಟೈಟರ್. 1:32 ಇದ್ದದ್ದು 1:8ಕ್ಕೆ, ಅಂದರೆ ಕಾಲು ಭಾಗಕ್ಕೆ ಇಳಿದರೆ ಹಿಡಿದಿದೆ. 1:8 ಇದ್ದದ್ದು 1:4 ಆದರೆ ಅದೇನೂ ದೊಡ್ಡ ಬದಲಾವಣೆಯಲ್ಲ. ಇನ್ನು ಮೊನ್ನೆ ಏನೋ ಆಗಿ ಇವತ್ತು ಎಚ್‌ಐವಿ ನೆಗೆಟಿವ್ ಅಂತ ಕುಣಿಯೋರು! ರ‍್ಯಾಪಿಡ್ ಕಿಟ್ಟಿನಲ್ಲಿ ಖಾತ್ರಿಯಾಗೋಕೆ ಮೂರು ತಿಂಗಳು ಬೇಕಪ್ಪ.

ಎಚ್‌ಐವಿಗಾದರೆ 2017ರ ಕಾಯ್ದೆಯೇ ಇದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡೋ ಹಾಗಿಲ್ಲ, ಫಲಿತಾಂಶ ಬಯಲು ಮಾಡೋ ಹಾಗಿಲ್ಲ, ಮೊದಲೂ ಆಮೇಲೂ ಆಪ್ತ ಸಮಾಲೋಚನೆ ಕೊಡಬೇಕು. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಸಮಾಲೋಚನೆ, ಪರೀಕ್ಷೆ ಕೇಂದ್ರ) ಇದೆಲ್ಲ ಪುಕ್ಕಟೆ. ಖಾಸಗಿ ಲ್ಯಾಬಿನ ಎಸಿಯಲ್ಲಿ ಕೂತು ದುಡ್ಡು ಕೊಟ್ಟು ಮಾನ ಕಳ್ಕೊಳ್ಳೋದಕ್ಕಿಂತ ಅಲ್ಲಿನ ಮರದ ಬೆಂಚೇ ವಾಸಿ.

ನಿಜ ಹೇಳಲಾ? ಆಪರೇಷನ್‌ಗೆ ಮುಂಚೆ ನನಗೂ ಇವೆಲ್ಲ ಟೆಸ್ಟ್ ಮಾಡಿಸಿದ್ದರು. ಭಯಪಡೋಕೆ ಒಂದು ಕಾರಣವೂ ಇರಲಿಲ್ಲ. ಆದರೂ ಹಾಳೆ ತಿರುಗಿಸುವಾಗ ಕೈ ನಡುಗಿತು. ಎಲ್ಲಾ ಗೊತ್ತಿರೋ ನನ್ನ ಪಾಡೇ ಹೀಗಾದರೆ ಆ ಹುಡುಗಿಯದು?

ಇನ್ನು ಇದನ್ನು ಓದಿ ಇನ್‌ಬಾಕ್ಸಿಗೆ ರಿಪೋರ್ಟಿನ ಫೋಟೋ ಕಳಿಸೋ ಮಹಾನುಭಾವರೇ, ದಯವಿಟ್ಟು ಬೇಡ. ಸರ್ಕಾರದ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಕಾಸಿಲ್ಲ. ಇಲ್ಲಾ ಡಾಕ್ಟರ ಹತ್ತಿರ ಹೋಗಿ, ಹೆಂಡತಿಯೊಬ್ಬಳನ್ನೇ ಕಳಿಸೋದಲ್ಲ, ನೀವೂ ರಕ್ತ ಕೊಟ್ಟು ಬನ್ನಿ.