ಕಾಲಿಗೆ ಕರೆಂಟ್ ಕೊಟ್ಟು ಕಾಸು ಎಣಿಸೋ ಫಿಜಿಯೋಗಳು

ಬೆನ್ನುಹುರಿಗೆ ಪೆಟ್ಟಾದವರಿಗೆ ಆಪರೇಷನ್ ಮುಗಿಸಿ ಡಿಸ್‌ಚಾರ್ಜ್ ಚೀಟೀಲಿ 'ಫಿಜಿಯೋ ಮಾಡಿಸಿ' ಅಂತ ಒಂದೇ ಸಾಲು ಗೀಚಿ ಕಳಿಸ್ತಾರೆ. ಯಾರ ಹತ್ರ, ಏನು ಮಾಡಿಸಬೇಕು, ಒಂದೂ ಇಲ್ಲ. ನಿಮ್ಹಾನ್ಸ್‌ನಲ್ಲಿ ನರರೋಗ ಪುನರ್ವಸತಿಗೇ ವಿಭಾಗ ಇದೆ, ಸರಿ. ಕತ್ತಿನಿಂದ ಕೆಳಗೆ ಆಡದವರನ್ನ ರಾಯಚೂರಿನಿಂದ ದಿನಾ ಕರ್ಕೊಂಡು ಬರೋಕಾಗುತ್ತಾ? ಕೊನೆಗೆ ಮನೆಗೆ ಬರೋನೇ ಗತಿ. ಮಂಡಿನೋವು, ಬೆನ್ನುಹುರಿ ಪೆಟ್ಟು ಎಲ್ಲಕ್ಕೂ ಅವನ ಹತ್ರ ಅದೇ ಮಷೀನು: ಹದಿನೈದು ನಿಮಿಷ ಕರೆಂಟು, ಐದು ನಿಮಿಷ ಕಾಲು ಎತ್ತಿಳಿಸೋದು, ದುಡ್ಡು ಎಣಿಸ್ಕೊಂಡು ಹೊರಡೋದು.

ಅಯ್ಯಾ, ಐಎಫ್‌ಟಿ ಅನ್ನೋ ಆ ಕರೆಂಟ್ ಮಷೀನು ಇರೋದು ನೋವಿಗೆ! ಸತ್ತ ಹುರಿ ಅದರಿಂದ ಚಿಗುರಲ್ಲ. ಕರೆಂಟಿನಿಂದ ಸ್ನಾಯುಗೆ ಕೆಲಸ ಕೊಡೋ ಎಫ್‌ಇಎಸ್ ಬೇರೆ, ಅದಕ್ಕೆ ಲೆಕ್ಕಾಚಾರ ಬೇಕು. ಸ್ಪರ್ಶವಿಲ್ಲದ ಚರ್ಮದ ಮೇಲೆ ಹಾಟ್ ಪ್ಯಾಕ್ ಇಡೋರೂ ಇದ್ದಾರೆ. ಸುಟ್ಟು ಬೊಬ್ಬೆ ಎದ್ದರೂ ಪೇಷೆಂಟ್‌ಗೆ ಗೊತ್ತೇ ಆಗಲ್ಲ.

ಎಲ್ಲಕ್ಕಿಂತ ಹೊಟ್ಟೆ ಉರಿಯೋದು ಕೈ ಕೆಡಿಸಿದಾಗ. ಸಿ6, ಅಂದ್ರೆ ಬೆನ್ನುಹುರಿಯ ಕತ್ತಿನ ಭಾಗದ ಆರನೇ ಮಟ್ಟದಲ್ಲಿ ಪೆಟ್ಟಾದವರಿಗೆ ಬೆರಳು ಆಡಲ್ಲ, ಆದರೆ ಮಣಿಕಟ್ಟು ಮೇಲೆತ್ತಿದರೆ ಬೆರಳು ತಾನಾಗೇ ಮಡಚಿಕೊಳ್ಳುತ್ತೆ. ಟೆನೋಡೆಸಿಸ್ ಅಂತಾರೆ. ಲೋಟ ಹಿಡಿಯೋಕೆ ಅವರಿಗಿರೋ ಹಿಡಿತ ಅದೊಂದೇ. ಮಣಿಕಟ್ಟು ಎತ್ತಿಸಿದಾಗ ಬೆರಳು ಮಡಚಿರಬೇಕು, ಬೆರಳು ಬಿಡಿಸುವಾಗ ಮಣಿಕಟ್ಟು ಕೆಳಗೆ ಬಾಗಿರಬೇಕು. ಇವರು ಎರಡನ್ನೂ ಒಟ್ಟಿಗೆ ಹಿಂದಕ್ಕೆಳೆದು 'ಸ್ಟ್ರೆಚ್' ಅಂತಾರೆ. ದಿನಾ ಎಳೆದೆಳೆದು ಸ್ನಾಯುರಜ್ಜು ಸಡಿಲವಾದರೆ ಆ ಲೋಟವೂ ಕೈಜಾರುತ್ತೆ.

ಇನ್ನೊಂದಂತೂ ಜೀವಕ್ಕೇ ಸಂಚಕಾರ. ಟಿ6 (ಎದೆ ಭಾಗದ ಆರನೇ ಮಟ್ಟ) ಅಥವಾ ಅದಕ್ಕೂ ಮೇಲೆ ಪೆಟ್ಟಾದವರಿಗೆ ಬಿಪಿಯ ಮೇಲಿನ ಅಂಕಿ ಮಾಮೂಲಾಗಿ 90-110ರ ಸುತ್ತ ಇರುತ್ತೆ. ತಲೆ ಸಿಡಿತ, ಕೆಂಪೇರಿದ ಮುಖ, ಬೆವರು, ಜೊತೆಗೆ ಬಿಪಿ 20-40 ಏರಿದರೆ ಅದು ಡಿಸ್‌ರಿಫ್ಲೆಕ್ಸಿಯಾ, ಅಂದ್ರೆ ಪೆಟ್ಟಿನ ಕೆಳಗಿನ ಯಾವುದೋ ಕಿರಿಕಿರಿಗೆ ಬಿಪಿ ದಿಢೀರ್ ಏರೋದು. '140 ತಾನೇ, ಮಲಗಿಸಿ' ಅನ್ನೋನಿಗೆ ಏನೂ ಗೊತ್ತಿಲ್ಲ. ಮಲಗಿಸಿದರೆ ಇನ್ನೂ ಏರುತ್ತೆ. ಕೂರಿಸಿ, ಕಾಲು ಇಳಿಬಿಡಿ, ಬಟ್ಟೆ-ಬೆಲ್ಟ್ ಸಡಿಲಿಸಿ. ಕ್ಯಾತಿಟರ್ (ಮೂತ್ರದ ನಳಿಕೆ) ಮಡಚಿದೆಯಾ, ಮೂತ್ರದ ಚೀಲ ತುಂಬಿದೆಯಾ ನೋಡಿ. ಬಹುಪಾಲು ಕಳ್ಳ ಅಲ್ಲೇ ಸಿಗ್ತಾನೆ. ಆಮೇಲೆ ಮಲಬದ್ಧತೆ, ಚರ್ಮದ ಗಾಯ. ಎರಡರಿಂದ ಐದು ನಿಮಿಷಕ್ಕೊಮ್ಮೆ ಬಿಪಿ ನೋಡಿ. ಇಳೀದಿದ್ರೆ ನೇರ ಆಸ್ಪತ್ರೆಗೆ.

ಆದ್ದರಿಂದ ವಿಸಿಟ್‌ಗೆ ಎಷ್ಟು ಅಂತ ಆಮೇಲೆ ಕೇಳಿ. ಬೆನ್ನುಹುರಿ ಪೆಟ್ಟು ಪೂರ್ತಿಯೋ ಅಲ್ಲವೋ ಅಂತ ಹೇಳೋ ಏಷ್ಯಾ (ASIA) ಗ್ರೇಡ್ ಎ ಯಾಕೆ, ಬಿ ಯಾಕೆ ಅಂತ ಮೊದಲು ಕೇಳಿ. ಅದನ್ನ ನಿರ್ಧರಿಸೋ ಗುದದ ಸುತ್ತಲಿನ ಸ್ಪರ್ಶ, ಹಿಡಿತದ ಮಾತೇ ಬರದಿದ್ದರೆ ಅಲ್ಲಿಗೆ ಮುಗೀತು. ಅದನ್ನ ತಿಳೀದೇನೇ 'ಆರು ತಿಂಗಳಲ್ಲಿ ನಡೆಸ್ತೀನಿ' ಅನ್ನೋ ಧೈರ್ಯ ಎಲ್ಲಿಂದ ಬರುತ್ತೋ! ಮೊದಲ ದಿನವೇ ಹೊದಿಕೆ ಸರಿಸಿ ಸೊಂಟದ ಹಿಂದೆ, ಹಿಮ್ಮಡಿಯ ಚರ್ಮ ನೋಡ್ತಾರಾ? ಹಾಸಿಗೆಯಿಂದ ವೀಲ್‌ಚೇರ್‌ಗೆ ಜಾರೋದನ್ನ ಮನೆಯವರಿಗೂ ಕಲಿಸ್ತಾರಾ? ಅದ್ಯಾವುದೂ ಇಲ್ಲದೆ ಬ್ಯಾಗಿನಿಂದ ನೇರ ಮಷೀನೇ ಹೊರಗೆ ಬಂದರೆ, ಮನೇಲಿ ಪ್ಲಗ್ ಪಾಯಿಂಟ್ ಕೆಟ್ಟಿದೆ ಅಂದುಬಿಡಿ.