ಸ್ಪಷ್ಟನೆ: ಹೆಸರು ಬೇರೆಯಾದರೆ ಔಷಧಿ ಬೇರೆ ಎಂದಲ್ಲ

"ಒಂದು ಔಷಧಿಗೆ ಹುಳ ಸಾಯದಿದ್ದರೆ ಬೇರೆ ಹೆಸರಿನದ್ದು ಹೊಡೆಯಿರಿ, ಸಾಯುತ್ತದೆ" ಎಂಬ ಸಂದೇಶ ಓಡಾಡುತ್ತಿದೆ. ಇದು ಅರ್ಧ ಮಾತ್ರ ನಿಜ.

ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್. ಹೆಸರು ಮೂರು, ಗುಂಪು ಒಂದೇ: 3ಎ (ಹುಳವನ್ನು ಕೊಲ್ಲುವ ರೀತಿ ನೋಡಿ ಕೀಟನಾಶಕಗಳಿಗೆ ಕೊಡುವ ಸಂಖ್ಯೆ). ಮೂರೂ ಹುಳದ ನರದಲ್ಲಿ ಸೋಡಿಯಂ ಒಳಬರುವ ಪುಟ್ಟ ಬಾಗಿಲನ್ನೇ ಕೆಡಿಸುತ್ತವೆ. ಆ ಬಾಗಿಲಿನ ಆಕಾರ ಒಂಚೂರು ಬದಲಾಗಿರುವ ಹುಳಕ್ಕೆ ಮೂರೂ ಸರಿಯಾಗಿ ನಾಟುವುದಿಲ್ಲ. ಅಡ್ಡ ನಿರೋಧಕತೆ ಅಂದರೆ ಇದೇ. ತಮಾಷೆ ನೋಡಿ, ಹಳೇ ಡಿಡಿಟಿ ಕೂಡ ತಟ್ಟುತ್ತಿದ್ದುದು ಇದೇ ಬಾಗಿಲನ್ನು. ಎಲೆಕೋಸು ತಿನ್ನುವ ವಜ್ರಬೆನ್ನಿನ ಪತಂಗ ಡಿಡಿಟಿಗೆ ಜಗ್ಗುತ್ತಿಲ್ಲ ಎಂದು ಇಂಡೋನೇಷ್ಯಾದ ಜಾವಾದಿಂದ 1953ರಲ್ಲೇ ವರದಿಯಾಗಿತ್ತು! ಕ್ಲೋರಾಂಟ್ರಾನಿಲಿಪ್ರೋಲ್, ಫ್ಲೂಬೆಂಡಿಯಮೈಡ್ ಜೋಡಿಯ ಕಥೆಯೂ ಅಷ್ಟೇ, ಎರಡೂ 28ನೇ ಗುಂಪು.

"ಹುಳಕ್ಕೆ ಔಷಧಿ ಅಭ್ಯಾಸವಾಗಿದೆ" ಅನ್ನುವುದೂ ತಪ್ಪು. ಹುಟ್ಟಿನಿಂದಲೇ ತಡೆದುಕೊಳ್ಳುವ ಕೆಲವು ಹುಳ ಉಳಿಯುತ್ತವೆ, ಮುಂದಿನ ಸಂತತಿ ಅವುಗಳದ್ದೇ. ಸುಮ್ನೆ ಡೋಸ್ ಜಾಸ್ತಿ ಮಾಡಿದರೆ ಇದು ನಿಲ್ಲುವುದಿಲ್ಲ.

ಹಾಗಾಗಿ ನೋಡಬೇಕಾದದ್ದು ಬ್ರಾಂಡ್ ಅಲ್ಲ, ಗುಂಪಿನ ಸಂಖ್ಯೆ. ಒಂದು ಪೀಳಿಗೆಯ ಹುಳಕ್ಕೆ ಹೊಡೆದ ಗುಂಪನ್ನು ಅದರ ಮುಂದಿನ ಪೀಳಿಗೆಗೆ ಹೊಡೆಯಬೇಡಿ. ಆದರೂ ಕೆಲವು ಹುಳಗಳ ಮೈಯಲ್ಲಿ ವಿಷ ಒಡೆಯುವ ಕಿಣ್ವಗಳು ಜಾಸ್ತಿ ಇರುತ್ತವೆ. ಅಂಥವು ಬೇರೆ ಗುಂಪಿನ ಔಷಧಿಯನ್ನೂ ಕೆಲವೊಮ್ಮೆ ಅರಗಿಸಿಕೊಳ್ಳುತ್ತವೆ.