ಕಾಲರ್ ಇದ್ದರೆ ಒಳಗೆ ಬನ್ನಿ

ಮಾಟುಂಗದಲ್ಲಿ ಹೋಟೆಲ್ ನಡೆಸುವ ನಮ್ಮ ಭಾವನಿಗೆ ಡಾಕ್ಟರು ದಿನಾ ನಡೆಯಲು ಹೇಳಿದರು. ಬೇರೆಯವರಾಗಿದ್ದರೆ ಬೆಳಿಗ್ಗೆ ಎದ್ದು ಫೈವ್ ಗಾರ್ಡನ್ಸ್‌ಗೆ ನಾಲ್ಕು ಸುತ್ತು ಹಾಕುತ್ತಿದ್ದರು. ಭಾವ ಗಾಲ್ಫ್ ಕ್ಲಬ್ಬಿಗೆ ಅರ್ಜಿ ಹಾಕಿದರು. ಹಾಕಿದಾಗ ಮಗ ಬಾಲವಾಡಿಯಲ್ಲಿದ್ದ. ಮೆಂಬರ್ ಕಾರ್ಡ್ ಕೈಗೆ ಬಂದಾಗ ಅವನ ಮದುವೆ ಊಟ ಮುಗಿದಿತ್ತು. ಡಾಕ್ಟರೂ ರಿಟೈರ್ ಆಗಿದ್ದರು.

ಹೋದ ಭಾನುವಾರ ನನ್ನನ್ನೂ ಗೆಸ್ಟ್ ಅಂತ ಕರೆದುಕೊಂಡು ಹೋದರು. ಬ್ರಿಟಿಷರ ಕಾಲದ ಕ್ಲಬ್ಬು. ಹೆಸರು ಹೇಳುವುದಿಲ್ಲ, ಭಾವನ ಕಾರ್ಡ್ ಹೋದರೆ ಅಕ್ಕ ನನ್ನನ್ನು ಮನೆಗೆ ಸೇರಿಸುವುದಿಲ್ಲ.

ಗೇಟಿನಲ್ಲಿ ನಿಂತವನು ನನ್ನ ಮುಖ ನೋಡಲಿಲ್ಲ, ಗುರುತಿನ ಚೀಟಿ ಕೇಳಲಿಲ್ಲ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುತ್ತಾರಲ್ಲ, ಹಾಗೆ ನನ್ನ ಕುತ್ತಿಗೆ ನೋಡಿದ.

"ಎಂತ ಮಾರಾಯ, ಕಾಲರ್ ಇಲ್ಲದ ಟೀ ಶರ್ಟ್ ಹಾಕಿಕೊಂಡು ಬರುವುದಾ?" ಭಾವ ತಲೆ ಮೇಲೆ ಕೈ ಇಟ್ಟುಕೊಂಡರು.

ಕ್ಲಬ್ಬಿನೊಳಗೇ ಒಂದು ಅಂಗಡಿ ಇದೆ, ಅಲ್ಲಿ ಕಾಲರ್ ಇರುವ ಟೀ ಶರ್ಟ್ ಸಿಗುತ್ತದೆ. ಆದರೆ ಆ ಅಂಗಡಿಗೆ ಹೋಗಬೇಕಾದರೂ ಕಾಲರ್ ಬೇಕು! ಕೊನೆಗೆ ಭಾವನೇ ಹೋಗಿ ತಂದರು. ಬೆಲೆ ಅವರ ಹೋಟೆಲಿನ ಲೆಕ್ಕದಲ್ಲಿ ಅರವತ್ತು ಮಸಾಲೆ ದೋಸೆ. ಕಾರಿನ ಹಿಂದಿನ ಸೀಟಿನಲ್ಲಿ ಬಗ್ಗಿ ಕೂತು ಅಂಗಿ ಬದಲಾಯಿಸಿದೆ. ಅದೇ ಮನುಷ್ಯ, ಅದೇ ಹೊಟ್ಟೆ. ಈ ಸಲ ಗೇಟಿನವನು ಸೆಲ್ಯೂಟ್ ಹೊಡೆದ.

ಮುಂಬೈಗೆ ಇದು ಹೊಸತಲ್ಲ. ಗವರ್ನರ್ ಆಗಿದ್ದ ಲಾರ್ಡ್ ವಿಲ್ಲಿಂಗ್ಡನ್ ತಮ್ಮ ಭಾರತೀಯ ಅತಿಥಿಯನ್ನು ಬಿಳಿಯರ ಕ್ಲಬ್ಬಿಗೆ ಕರೆದುಕೊಂಡು ಹೋದರಂತೆ, ಬಾಗಿಲಲ್ಲೇ ತಡೆದರಂತೆ. ಆ ಸಿಟ್ಟಿಗೆ ಭಾರತೀಯರಿಗೂ ಪ್ರವೇಶವಿರುವ ಹೊಸ ಕ್ಲಬ್ಬು ಶುರುವಾಯಿತು ಎಂದು ಕಥೆ. ಅದೇ 1918ರ ವಿಲ್ಲಿಂಗ್ಡನ್ ಕ್ಲಬ್. ಬಾಗಿಲು ತೆರೆಯಲೆಂದೇ ಹುಟ್ಟಿದ ಆ ಕ್ಲಬ್ಬು 1980ರ ದಶಕದಲ್ಲಿ ಚಿತ್ರ ಕಲಾವಿದ ಎಂ.ಎಫ್. ಹುಸೇನ್ ಅವರನ್ನು ಹೊರಗೆ ಕಳಿಸಿತು. ಕಾರಣ, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಇದೇ ಊರಿನಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಬೆಳೆದ ಮನುಷ್ಯ. ಚರ್ಮದ ಬಣ್ಣದ ತಕರಾರು ಮುಗಿದು ಚರ್ಮದ ಶೂ ತಕರಾರು ಬಂದಿತ್ತು, ಅಷ್ಟೇ. ನಾವು ಕರ್ನಾಟಕದವರು ಜಾಸ್ತಿ ನಗುವ ಹಾಗೂ ಇಲ್ಲ. 2024ರಲ್ಲಿ ಬೆಂಗಳೂರಿನ ಮಾಲೊಂದು ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಕ್ಕೆ ತಡೆಯಿತು. ಸರ್ಕಾರ ಮಾಲನ್ನೇ ಏಳು ದಿನ ಮುಚ್ಚಿಸಿತು. ಗಾಲ್ಫ್ ಕ್ಲಬ್ಬಿಗೆ ಮಾತ್ರ ಯಾವ ರೈತರೂ ಬರುವುದಿಲ್ಲ, ಹಾಗಾಗಿ ಅಲ್ಲಿ ನಿಯಮ ಕ್ಷೇಮವಾಗಿದೆ.

ಆಟಕ್ಕೆ ಬರೋಣ. ಗಾಲ್ಫ್ ಅಂದರೆ ದೊಡ್ಡವರ ಗೋಲಿ ಆಟ. 108 ಮಿಲಿಮೀಟರ್ ಅಗಲದ ಕುಳಿ, ಅದಕ್ಕೆ ಆದಷ್ಟು ಕಡಿಮೆ ಹೊಡೆತದಲ್ಲಿ ಚೆಂಡು ಬೀಳಿಸಬೇಕು. ಊರಲ್ಲಿ ಇದನ್ನೇ ಆಡಿ ಅಪ್ಪನ ಕೈಯಲ್ಲಿ ಪೆಟ್ಟು ತಿಂದಿದ್ದೇನೆ. ವ್ಯತ್ಯಾಸವೆಂದರೆ ಇಲ್ಲಿ ಚೀಲದಲ್ಲಿ 14 ಕೋಲು ಇಟ್ಟುಕೊಳ್ಳಬಹುದು, ಹದಿನೈದಾದರೆ ದಂಡ. ಆ ಚೀಲ ಹೊರುವವರ ವಯಸ್ಸಿಗೆ ಯಾವ ನಿಯಮವೂ ಇಲ್ಲ. ಡಾಕ್ಟರು ನಡೆಯಲು ಹೇಳಿದ್ದು ಭಾವನಿಗೆ, ಬೆವರುತ್ತಿದ್ದದ್ದು ಚೀಲ ಹೊರುವ ಕ್ಯಾಡಿ.

ನನ್ನ ಪಾಲಿಗೆ ಬಂದ ಕ್ಯಾಡಿಗೆ ಐವತ್ತು ದಾಟಿರಬೇಕು. ಬೆನ್ನ ಮೇಲೆ 43 ಎಂಬ ನಂಬರ್. ಭಾವನೂ ನಾನೂ ಮಾತಾಡುವುದು ಕೇಳಿ ಅವರ ಮುಖ ಅರಳಿತು. ವಿಜಯಪುರದ ಕಡೆಯವರು. ಹಿಂದೆ ವಿಜಯಪುರ ಮುಂಬೈ ಪ್ರಾಂತದಲ್ಲೇ ಇತ್ತು. 1956ರಲ್ಲಿ ಜಿಲ್ಲೆ ಮುಂಬೈ ಬಿಟ್ಟಿತು. 1972ರ ಬರದಲ್ಲಿ ಇವರ ಅಪ್ಪ ಜಿಲ್ಲೆ ಬಿಟ್ಟು ಮುಂಬೈಗೆ ಬಂದರು. ನಾನು ಹೆಸರು ಕೇಳಿದೆ, ಹೇಳಿದರು. ಅಷ್ಟರಲ್ಲಿ ಯಾರೋ "ಫಾರ್ಟಿ ಥ್ರೀ!" ಎಂದು ಕೂಗಿದರು. ಅದಕ್ಕೇ ಚಕ್ಕನೆ ತಿರುಗಿದರು.

ಕೋಲು ಎತ್ತಿ ಬೀಸಿದೆ. ಅಂಗೈ ಅಗಲದ ಹುಲ್ಲು ಮಣ್ಣಿನ ಸಮೇತ ಹಾರಿತು. ಚೆಂಡು ಇದ್ದಲ್ಲೇ ಇತ್ತು.

"ಇದೂ ಲೆಕ್ಕಕ್ಕ ಬರ್ತದ ನೋಡ್ರಿ" ಎಂದರು ಕ್ಯಾಡಿ, ಬಹಳ ಮೆತ್ತಗೆ. "ತಲಿ ಎತ್ತಬ್ಯಾಡ್ರಿ ಸರ. ಚೆಂಡು ಎಲ್ಲಿ ಹೋಗ್ತದ ಅಂತ ನಾ ನೋಡ್ತೇನಿ. ನೀವು ನೆಲಾ ನೋಡ್ರಿ."

ಮುಂಬೈಯಲ್ಲಿ ಮೂವತ್ತು ವರ್ಷದಿಂದ ನೆಲ ನೋಡುತ್ತಲೇ ಇದ್ದೇನೆ, ಒಂದು ಅಡಿ ಕೊಳ್ಳಲು ಆಗಿಲ್ಲ. ಈ ಊರಿನಲ್ಲಿ ತಲೆಗೆ ಸುಮಾರು ಒಂದೂಕಾಲು ಚದರ ಮೀಟರ್ ಬಯಲು ಎಂದು ಲೆಕ್ಕ. ಬಾಳೆಲೆ ಹಾಕಿ ಚಕ್ಕಳಮಕ್ಕಳ ಕೂತರೆ ಮುಗಿಯಿತು. 18 ಕುಳಿಯ ಗಾಲ್ಫಿಗೆ ನೂರು ಎಕರೆ ಅಂದುಕೊಳ್ಳಿ. ಮೂರು ಲಕ್ಷಕ್ಕೂ ಜಾಸ್ತಿ ಜನರ ಪಾಲಿನ ಬಯಲು ಅದು. ಆ ಭಾನುವಾರ ನಾನು ಎಣಿಸಿದ್ದು ಇಪ್ಪತ್ತೆಂಟು ಜನ ಮತ್ತು ಒಂದಷ್ಟು ಬೆಳ್ಳಕ್ಕಿ. ಅದೇ ಹೊತ್ತಿಗೆ ಆಜಾದ್ ಮೈದಾನದಲ್ಲಿ ಒಂದು ಮ್ಯಾಚಿನ ಫೀಲ್ಡರ್ ಇನ್ನೊಂದು ಮ್ಯಾಚಿನ ಅಂಪೈರ್ ಪಕ್ಕ ನಿಂತು ಯಾವ ಚೆಂಡು ತನ್ನದು ಎಂದು ಹುಡುಕುತ್ತಿರುತ್ತಾನೆ. (ಗಾಲ್ಫ್ ಇಲ್ಲದಿದ್ದರೆ ಈ ಮರಗಳ ಜಾಗದಲ್ಲಿ ಐವತ್ತು ಮಹಡಿ ಎದ್ದಿರುತ್ತಿತ್ತು, ಅದೂ ನಿಜವೇ. ಬಿಲ್ಡರಿಗೆ ಹೋಲಿಸಿದರೆ ಲಾಟ್‌ಸಾಹೇಬರೇ ವಾಸಿ ಎನ್ನುವ ಸ್ಥಿತಿಗೆ ಬಂದಿದ್ದೇವೆ.)

ನಮ್ಮ ಜೊತೆ ಇನ್ನೊಬ್ಬರು ಇದ್ದರು, ಫ್ಯಾಕ್ಟರಿ ಮಾಲೀಕರು. ಎರಡನೇ ಕುಳಿಯಿಂದ ನಾಲ್ಕನೇ ಕುಳಿಯವರೆಗೆ ಮೀಸಲಾತಿ ಈ ದೇಶವನ್ನು ಹೇಗೆ ಹಾಳು ಮಾಡಿತು ಎಂದು ವಿವರಿಸಿದರು. ಎಲ್ಲರೂ ಒಂದೇ ಗೆರೆಯಿಂದ ಓಡಬೇಕಂತೆ, ಗೆದ್ದವನು ಗೆದ್ದ. ಐದನೇ ಕುಳಿಯಲ್ಲಿ ಅವರ ಚೆಂಡು ನೀರಿಗೆ ಬಿತ್ತು.

"ನನ್ನ ಹ್ಯಾಂಡಿಕ್ಯಾಪ್ 24. ಇದು ಕಷ್ಟದ ಕುಳಿ, ನನಗಿಲ್ಲಿ ಎರಡು ಹೊಡೆತ ಮಾಫಿ. ಮರೀಬೇಡಿ, ಬರ್ಕೊಳ್ಳಿ" ಎಂದರು.

ನನಗೆ ಅರ್ಥವಾಗಲಿಲ್ಲ. ಭಾವ ಪ್ರೀತಿಯಿಂದ ತಿಳಿಸಿ ಹೇಳಿದರು. ಆಟ ಎಷ್ಟು ಕೆಟ್ಟದೋ ಅಷ್ಟು ರಿಯಾಯಿತಿ, 54ರವರೆಗೂ ಸಿಗುತ್ತದೆ. "ಬಲ ಇದ್ದವನೂ ಇಲ್ಲದವನೂ ಸಮಸಮ ಆಡಬೇಕಲ್ಲ ಮಾರಾಯ? ಇಲ್ಲದಿದ್ದರೆ ಅನ್ಯಾಯ ಆಗುವುದಿಲ್ಲವಾ?"

"ಭಾವ, ಇದನ್ನೇ ಅಲ್ವಾ ಇವರು ಇಷ್ಟು ಹೊತ್ತು..." ಎನ್ನುವಷ್ಟರಲ್ಲಿ ಭಾವ ನನ್ನ ಕಾಲು ತುಳಿದರು. ಗಾಲ್ಫ್ ಶೂಗೆ ಅಡಿಯಲ್ಲಿ ಮುಳ್ಳಿರುತ್ತದೆ ಎಂದು ಆಗ ಗೊತ್ತಾಯಿತು.

ಏಳನೇ ಕುಳಿಯಲ್ಲಿ ಹೇಗೋ ಏನೋ, ನನ್ನ ಚೆಂಡು ನೇರ ಹೋಗಿ ಒಳ್ಳೆ ಜಾಗದಲ್ಲಿ ನಿಂತಿತು. ನಾನು ಕೈ ಎತ್ತಿ ಕುಣಿಯುವಾಗ ಒಂದು ಕಾಗೆ ಇಳಿದು ಬಂದು ಚೆಂಡನ್ನು ಕಚ್ಚಿಕೊಂಡು ಹಾರಿತು. ಇದಕ್ಕೂ ನಿಯಮ ಇದೆ. ಕಾಗೆ ಒಯ್ದರೆ ದಂಡವಿಲ್ಲ, ಅದೇ ಜಾಗದಲ್ಲಿ ಬೇರೆ ಚೆಂಡು ಇಡಬಹುದು. ನಾವೇ ಕಳೆದುಕೊಂಡರೆ ಮಾತ್ರ ಹುಡುಕಲು ಮೂರು ನಿಮಿಷ, ಆಮೇಲೆ ದಂಡ. 2019ಕ್ಕೆ ಮೊದಲು ಐದು ನಿಮಿಷ ಕೊಡುತ್ತಿದ್ದರಂತೆ. ಅಂದಹಾಗೆ ಮುಂಬೈ ಕಾಗೆಯನ್ನು ಹತ್ತಿರದಿಂದ ನೋಡಿದ್ದೀರಾ? ಕುತ್ತಿಗೆ ಸುತ್ತ ಬೂದು ಬಣ್ಣದ ಪಟ್ಟಿ ಇರುತ್ತದೆ. ಕಾಲರ್ ಇದೆ ಅಂತಲೇ ಒಳಗೆ ಬಿಟ್ಟಿರಬೇಕು.

"ನೀವು ಆಡ್ತೀರಾ?" ಕ್ಯಾಡಿಯನ್ನು ಕೇಳಿದೆ.

"ಸೋಮವಾರ ಕ್ಲಬ್ ಬಂದ್ ಇರ್ತದ್ರಿ. ಅವತ್ತು ಆಡ್ತೇವಿ."

"ಹ್ಯಾಂಡಿಕ್ಯಾಪ್ ಎಷ್ಟು?"

ಅವರು ಫ್ಯಾಕ್ಟರಿ ಮಾಲೀಕರ ಕಡೆ ಒಮ್ಮೆ ನೋಡಿದರು. "ಯಾರ್ ಬರಕೊಳ್ತಾರ್ರಿ ನಮ್ದು? ನಾವs ಹಿಡದ ಲೆಕ್ಕಾ... ಎರಡೋ, ಮೂರೋ."

ಬಿಡದಿ ಹತ್ತಿರದ ಹಳ್ಳಿಯ ಚಿಕ್ಕರಂಗಪ್ಪ ಪಕ್ಕದ ಗಾಲ್ಫ್ ಮೈದಾನದಲ್ಲಿ ಆಟ ಕಲಿತು ದೇಶದ ದೊಡ್ಡ ಆಟಗಾರರಲ್ಲಿ ಒಬ್ಬರಾದರು. ವಾರಕ್ಕೆ ಒಂದು ಸೋಮವಾರ ಸಾಲುವುದಿಲ್ಲ ಅದಕ್ಕೆ.

ಒಂಬತ್ತು ಕುಳಿಗೆ ನನ್ನ ಹೊಡೆತ 81. ಕ್ರಿಕೆಟ್ಟಿನಲ್ಲಾಗಿದ್ದರೆ ಯಾರಾದರೂ ಬೆನ್ನು ತಟ್ಟುತ್ತಿದ್ದರು. ಭಾವ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡರು.

ಆಟ ಮುಗಿಸಿ ಕ್ಲಬ್ಬಿನ ಜಗಲಿಯಲ್ಲಿ ಬೆತ್ತದ ಕುರ್ಚಿಗೆ ಒರಗಿ ಚಹಾ ತರಿಸಿದೆವು. ಕ್ಯಾಡಿ ಮೆಟ್ಟಿಲ ಕೆಳಗೆ, ಮರದ ಬುಡದಲ್ಲಿ ನಿಂತು ನಮ್ಮ ಕೋಲುಗಳನ್ನು ಒಂದೊಂದಾಗಿ ಒರೆಸುತ್ತಿದ್ದರು. ವೇಟರ್ ಕುಂದಾಪುರದ ಹುಡುಗ.

"ಅವರಿಗೂ ಒಂದು ಕುರ್ಚಿ ಹಾಕು ಮಾರಾಯ" ಎಂದೆ.

"ಇಲ್ಲ ಸರ್. ಕ್ಯಾಡಿಗಳು ಮೆಟ್ಟಿಲು ಹತ್ತುವ ಹಾಗಿಲ್ಲ."

"ಯಾಕೆ? ನೋಡು, ಕಾಲಲ್ಲಿ ಶೂ ಇದೆ. ಅಂಗಿಗೆ ಕಾಲರ್ ಇದೆ. ನನಗಿಂತ ಚೆನ್ನಾಗಿ ಇಸ್ತ್ರಿ ಮಾಡಿದ್ದಾರೆ."

ಹುಡುಗ ಬಗ್ಗಿ ಮರದ ಕಡೆ ನೋಡಿದ. ಸ್ವಲ್ಪ ಯೋಚನೆ ಮಾಡಿದ. ಆಮೇಲೆ ತನ್ನ ಬೋ ಟೈ ಸರಿ ಮಾಡಿಕೊಂಡು, ದನಿ ತಗ್ಗಿಸಿ ಹೇಳಿದ:

"ಅದು ಯೂನಿಫಾರ್ಮಿನ ಕಾಲರ್ ಅಲ್ವಾ ಸರ್."